ಸ್ಪೀಕರ್ ಗುಂಯ್ ಎನ್ನುತ್ತಿದೆ: ತಂತಿಗೆ ಅಲ್ಯೂಮಿನಿಯಂ ಹಾಳೆ ಸುತ್ತಬೇಕೇ?

ಮುಂಬೈ ಬಳಿಯ ಡೊಂಬಿವಲಿಯ ನಿಮ್ಮ ಫ್ಲಾಟಿನಲ್ಲಿ ಟಿವಿ, ಸೆಟ್‌ಟಾಪ್ ಬಾಕ್ಸ್, ಮೂರು ಪಿನ್ನಿನ ಹಳೆಯ ಆಂಪ್ಲಿಫೈಯರ್ ಇವೆ. ಹಾಡು ನಿಂತ ಕೂಡಲೇ ಗುಂಯ್ ಸದ್ದು ಕೇಳಿಸುತ್ತದೆ. ಆಡಿಯೊ ತಂತಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿದರೆ ಹೋದೀತೇ, ಹಿತ್ತಲಿನ ರೈಲು ಹಳಿಯೇ ಕಾರಣವಿರಬಹುದೇ ಎಂದು ಕೇಳಿದ್ದೀರಿ. ಹಾಳೆಯನ್ನು ಸದ್ಯಕ್ಕೆ ಚಪಾತಿಗೇ ಬಿಡಿ.

ಹಳಿಯ ಮೇಲಿನ ಅನುಮಾನ ಅಸಹಜವಲ್ಲ. ಒಂದು ಕಾಲಕ್ಕೆ 1500 ವೋಲ್ಟ್ ಡಿಸಿ ಇದ್ದ ಮುಂಬೈ ಲೋಕಲ್‌ಗಳ ಮೇಲಿನ ತಂತಿಯಲ್ಲಿ ಈಗ 25,000 ವೋಲ್ಟ್ ಎಸಿ ಹರಿಯುತ್ತದೆ. ಅದೂ ನಮ್ಮ ಮನೆಯ ವಿದ್ಯುತ್ತಿನಂತೆ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತನ. ಆದರೆ ಅದೇ ಕಾರಣವಾಗಿದ್ದರೆ ಗಾಡಿಗಳು ಬಂದು ಹೋಗುವಾಗ ಸದ್ದು ಏರಿಳಿಯಬೇಕು. ನಿಮ್ಮದು ಮಧ್ಯರಾತ್ರಿಯಲ್ಲೂ ಒಂದೇ ಸಮನೆ, ಶ್ರುತಿ ಸೇರದ ತಂಬೂರಿಯಂತೆ, ಮೊಳಗುತ್ತಿದೆ ಎನ್ನುತ್ತೀರಿ. ಹಾಗಿದ್ದರೆ ಕಳ್ಳ ಮನೆಯೊಳಗೇ ಇದ್ದಾನೆ.

ಮೊದಲು ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ ಟಿವಿಯ ದಪ್ಪ ತಂತಿಯನ್ನು ತಿರುಗಿಸಿ ಕಳಚಿ. ಸದ್ದು ತಟ್ಟನೆ ನಿಂತರೆ ಅದು ಗ್ರೌಂಡ್ ಲೂಪ್. ನಮ್ಮ ಕಟ್ಟಡಗಳಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ. ಆ ತಂತಿಯ ಹೊರಜಾಲರಿ ಕಟ್ಟಡದ ಇನ್ನೆಲ್ಲೋ ಭೂಮಿಗೆ ಸೇರಿರುತ್ತದೆ, ಆಂಪ್ಲಿಫೈಯರ್ ನಿಮ್ಮ ಗೋಡೆಯ ಸಾಕೆಟ್ ಮೂಲಕ ಸೇರಿರುತ್ತದೆ. ಎರಡು ಭೂಮಿಗಳ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸ ಆಡಿಯೊ ತಂತಿಯ ಜಾಲರಿಯಲ್ಲಿ ವಿದ್ಯುತ್ ಹರಿಸುತ್ತದೆ. ಟಿವಿ, ಆಂಪ್ಲಿಫೈಯರ್‌ಗಳಿಗೆ ಚುಚ್ಚುವ ಕೆಂಪು-ಬಿಳಿ ತುದಿಯ ಆರ್‌ಸಿಎ ತಂತಿಯಲ್ಲಿ ಆ ಜಾಲರಿ ಬರೀ ಕವಚವಲ್ಲ, ಸಂಕೇತ ಮರಳುವ ದಾರಿಯೂ ಹೌದು. ಆದ್ದರಿಂದ ಅಲ್ಲಿ ಹುಟ್ಟಿದ ಗುಂಯ್ ನೇರವಾಗಿ ಹಾಡಿನೊಳಗೆ ಬೆರೆಯುತ್ತದೆ. ಮೇಲೆ ಎಷ್ಟು ಪದರ ಹಾಳೆ ಸುತ್ತಿದರೂ ಇದಕ್ಕೆ ಲೆಕ್ಕವಿಲ್ಲ. ಕೇಬಲ್ ತಂತಿಗೆ ಒಂದು ಐಸೊಲೇಟರ್ ಹಾಕಿ; ಅದು ಸಂಕೇತವನ್ನು ದಾಟಿಸಿ, ಲೋಹದ ಸಂಪರ್ಕವನ್ನು ಮಾತ್ರ ಕಡಿಯುವ ಸಣ್ಣ ಸಾಧನ. ಟಿವಿಯಲ್ಲೂ ಆಂಪ್ಲಿಫೈಯರ್‌ನಲ್ಲೂ ಆಪ್ಟಿಕಲ್ ಕಿಂಡಿ ಇದ್ದರೆ ಇನ್ನೂ ಒಳ್ಳೆಯದು: ಅಲ್ಲಿ ಹರಿಯುವುದು ಬೆಳಕು, ಲೂಪ್ ಆಗಲು ತಾಮ್ರವೇ ಇಲ್ಲ. ಎಲ್ಲ ಪ್ಲಗ್‌ಗಳನ್ನೂ ಒಂದೇ ಬೋರ್ಡಿಗೆ ಚುಚ್ಚಿ. ಆದರೆ ಯಾರಾದರೂ ಆಂಪ್ಲಿಫೈಯರ್‌ನ ಅರ್ಥ್ ಪಿನ್ ಮುರಿಯಲು ಹೇಳಿದರೆ ಕಿವಿಗೊಡಬೇಡಿ. ಸದ್ದು ಹೋಗುತ್ತದೆ, ನಿಜ. ಒಳಗೆ ಏನಾದರೂ ಕೆಟ್ಟ ದಿನ ಲೋಹದ ಪೆಟ್ಟಿಗೆ ಮುಟ್ಟಿದವರೂ ಹೋಗಬಹುದು.

ಕೇಬಲ್ ಕಳಚಿದರೂ ನಿಲ್ಲದಿದ್ದರೆ ಆಂಪ್ಲಿಫೈಯರ್‌ನ ಎಲ್ಲ ಇನ್‌ಪುಟ್ ತಂತಿಗಳನ್ನೂ ಕೀಳಿ. ಆಗಲೂ ಗುಂಯ್ ಎಂದರೆ ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ಅದರ ಹಳೆಯ ಫಿಲ್ಟರ್ ಕೆಪ್ಯಾಸಿಟರ್‌ಗಳನ್ನು ರಿಪೇರಿಯವರಿಗೆ ತೋರಿಸಬೇಕು. ಗುಂಯ್ ಅಲ್ಲದೆ ಚರಚರ ಸದ್ದಿದ್ದು, ಅದು ಫ್ಯಾನ್ ವೇಗ ಬದಲಿಸಿದಂತೆ ಬದಲಾಗುತ್ತಿದ್ದರೆ ಅಪರಾಧಿ ಫ್ಯಾನಿನ ಟ್ರಯಾಕ್ ರೆಗ್ಯುಲೇಟರ್, ಅಂದರೆ ವಿದ್ಯುತ್ ಅಲೆಯನ್ನು ಕತ್ತರಿಸಿ ವೇಗ ಬದಲಿಸುವ ಬಗೆಯದು. ಅದನ್ನು ತೆಗೆದು ಕೆಪ್ಯಾಸಿಟರ್ ಬಗೆಯದನ್ನು ಹಾಕಿಸಿ.

ಇಷ್ಟೂ ಆದ ಮೇಲೆ, ತಂತಿ ಮುಟ್ಟಿದಾಗ ಅಥವಾ ಸರಿಸಿದಾಗ ಸದ್ದು ಬದಲಾದರೆ ಮಾತ್ರ ಕವಚದ ಮಾತು. ಕವಚ ವಿದ್ಯುತ್ ಕ್ಷೇತ್ರವನ್ನು ತಡೆಯುವುದು ಭೂಸಂಪರ್ಕ ಇದ್ದಾಗ. ಸುಮ್ಮನೆ ಸುತ್ತಿ ಬಿಟ್ಟ ಹಾಳೆ ಅಲಂಕಾರ. ಪಕ್ಕದ ಪವರ್ ತಂತಿಯಿಂದ ಬರುವ 50 ಹರ್ಟ್ಸ್ ಕಾಂತಕ್ಷೇತ್ರಕ್ಕಂತೂ ತೆಳು ಅಲ್ಯೂಮಿನಿಯಂ ಇದ್ದೂ ಇಲ್ಲದಂತೆ. ಅದಕ್ಕೆ ಮದ್ದು ಒಂದಕ್ಕೊಂದು ಹೊಸೆದ ಜೋಡಿ ತಂತಿ ಮತ್ತು ದೂರ. ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಎರಡು ಎಳೆ, ತಾಮ್ರದ ಜಾಲರಿ ಇರುವ ಮೈಕ್ರೊಫೋನ್ ತಂತಿ ಕೇಳಿ. ಎರಡು ಎಳೆಗಳಲ್ಲಿ ಸಂಕೇತ ಹೋಗಿ ಬರಲಿ, ಜಾಲರಿಯನ್ನು ಟಿವಿ ಕಡೆಯ ತುದಿಯಲ್ಲಿ ಮಾತ್ರ ಬೆಸುಗೆ ಹಾಕಿ. ಮುಂದೆ ರೆಕಾರ್ಡ್ ಪ್ಲೇಯರ್ ಕೊಂಡರೆ ಅದರ ತಂತಿಯಲ್ಲಿ ಜಿಪುಣತನ ಬೇಡ: ಸಿಡಿ ಪ್ಲೇಯರ್ ಸುಮಾರು 2 ವೋಲ್ಟ್ ಕೊಟ್ಟರೆ ರೆಕಾರ್ಡ್ ಪ್ಲೇಯರ್‌ನ ಮುಳ್ಳು ಕೊಡುವುದು ಕೆಲವೇ ಮಿಲಿವೋಲ್ಟ್. ಸ್ಪೀಕರ್ ತಂತಿಗೆ ಸಾಮಾನ್ಯವಾಗಿ ಕವಚವೇ ಬೇಡ. ಟಿವಿ ಹಿಂದೆ ಆಡಿಯೊ ತಂತಿಯನ್ನು ಪವರ್ ತಂತಿಯ ಜೊತೆ ಕಟ್ಟಿದ್ದರೆ ಬಿಚ್ಚಿ ದೂರವಿಡಿ; ದಾಟಲೇಬೇಕಾದಲ್ಲಿ ಅಡ್ಡಡ್ಡ, ಲಂಬಕೋನದಲ್ಲಿ ದಾಟಿಸಿ.