ಪ್ರತಿಕ್ರಿಯೆ: ಹಳೆಯ ರೋಲ್ಯಾಂಡ್ ಎಂಡಿಎಕ್ಸ್-20 ಕೆತ್ತನೆ ಯಂತ್ರ ಕೆತ್ತುತ್ತಾ ಅರ್ಧದಲ್ಲಿ ದಾರಿ ತಪ್ಪುತ್ತಿದೆ

ಸಣ್ಣ ಫೈಲ್ ಸರಿಯಾಗಿ ಕೆತ್ತಿ, ಉದ್ದದ ಫೈಲ್‌ನಲ್ಲಿ ಮಾತ್ರ ಅಡ್ಡಾದಿಡ್ಡಿ ಗೆರೆ ಬರುತ್ತಿದೆ ಎಂದಿದ್ದೀರಿ. ಹಾಗಾದರೆ ತಪ್ಪು ಕ್ಯಾಮ್‌ನದ್ದಲ್ಲ (ಕೆತ್ತುವ ದಾರಿ ಲೆಕ್ಕ ಹಾಕುವ ಸಾಫ್ಟ್‌ವೇರ್), ಬಹುತೇಕ ಹ್ಯಾಂಡ್‌ಶೇಕ್‌ನದ್ದು, ಅಂದರೆ ಯಂತ್ರ ಮತ್ತು ಕಂಪ್ಯೂಟರ್ ನಡುವಿನ "ಕಳಿಸು, ತಡಿ" ಸಂಕೇತದ್ದು. ಬಫರ್ (ಬಂದ ಆಜ್ಞೆಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿ) ತುಂಬಿದಾಗ ಯಂತ್ರ "ಸಾಕು, ತಡಿ" ಎನ್ನುವುದು ಬೇರೆಯೇ ತಂತಿಯಲ್ಲಿ. ಮೂರು ತಂತಿಯ ಕೇಬಲ್‌ನಲ್ಲಿ ಆ ಮಾತು ಕಂಪ್ಯೂಟರಿಗೆ ಮುಟ್ಟುವುದೇ ಇಲ್ಲ; ಅದು ಕಳಿಸುತ್ತಲೇ ಇರುತ್ತದೆ, ಹಿಡಿಸದ ಅಂಕೆಗಳು ಉದುರಿಹೋಗುತ್ತವೆ. ಈ ಯಂತ್ರಕ್ಕೆ 40 ಅಂಕ ಎಂದರೆ 1 ಮಿ.ಮೀ. 1200ರಲ್ಲಿ ಕೊನೆಯ ಸೊನ್ನೆ ಉದುರಿದರೆ 30 ಮಿ.ಮೀ. ಜಾಗದಲ್ಲಿ 3 ಮಿ.ಮೀ.ಗೆ ಹೋಗಿ ನಿಲ್ಲುತ್ತದೆ. ನೀವು ನೋಡುತ್ತಿರುವ ಗೆರೆ ಅದೇ.

ಮೊದಲು ಕೆತ್ತುವ ಮೊನೆ (ಬಿಟ್) ಬಿಚ್ಚಿಡಿ, ಮುರಿದರೆ ನಷ್ಟ. ಮಲ್ಟಿಮೀಟರ್‌ನಲ್ಲಿ ಕೇಬಲ್ ನೋಡಿ: ಯಂತ್ರದ ಕಡೆಯ 25 ಪಿನ್ ತುದಿಯ 20ನೇ ಪಿನ್, ಕಂಪ್ಯೂಟರ್ ಕಡೆಯ 9 ಪಿನ್ ತುದಿಯ 6 ಮತ್ತು 8ಕ್ಕೆ ಸೇರಿರಬೇಕು. ಇಲ್ಲದಿದ್ದರೆ ಬೆಸುಗೆ ಹಾಕಿ. ಆಮೇಲೆ ಕಂಪ್ಯೂಟರಿನ ಸೀರಿಯಲ್ ಪೋರ್ಟ್ ಸೆಟ್ಟಿಂಗ್: ವೇಗ (ಬಾಡ್) 9600, ಡೇಟಾ 8 ಬಿಟ್, ಪ್ಯಾರಿಟಿ ಬೇಡ, ಸ್ಟಾಪ್ 1, ಫ್ಲೋ ಕಂಟ್ರೋಲ್ "ಹಾರ್ಡ್‌ವೇರ್". ಫೈಲ್ ಕಳಿಸುವ ಪ್ರೋಗ್ರಾಮಿನಲ್ಲೂ ಇದೇ ಇರಲಿ; ಎಷ್ಟೋ ಪ್ರೋಗ್ರಾಮುಗಳು ವಿಂಡೋಸ್ ಸೆಟ್ಟಿಂಗನ್ನು ಅಳಿಸಿ ತಮ್ಮದನ್ನೇ ಹಾಕಿಕೊಳ್ಳುತ್ತವೆ.

ಅದೇ ಉದ್ದದ ಫೈಲನ್ನು ಗಾಳಿಯಲ್ಲಿ, ಅಂದರೆ ಏನನ್ನೂ ಕೆತ್ತದೆ, ಓಡಿಸಿ. ಈಗಲೂ ತಪ್ಪಿದರೆ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಬದಲಿಸಿ, ಎಫ್‌ಟಿಡಿಐ ಚಿಪ್ ಇರುವುದನ್ನೇ ತನ್ನಿ. ಕ್ಯಾಮ್‌ನ ಪೋಸ್ಟ್ ಪ್ರೊಸೆಸರ್ (ದಾರಿಯನ್ನು ಯಂತ್ರದ ಆಜ್ಞೆಗಳಾಗಿ ಬರೆಯುವ ಭಾಗ) ರೋಲ್ಯಾಂಡ್‌ನ ಆಜ್ಞಾಭಾಷೆ ಆರ್‌ಎಂಎಲ್-1ರಲ್ಲಿ ಇದ್ದಂತೆಯೇ ಬಿಡಿ, ಇತರ ಯಂತ್ರಗಳ ಜಿ-ಕೋಡ್‌ಗೆ ಬದಲಿಸಬೇಡಿ.