ಎರಡನೇ ಜಾಯ್‌ಸ್ಟಿಕ್ ಹಿಡಿದು ಕೂತಿದ್ದ ತಮ್ಮ

ನಾನು ಆಪ್ತಸಮಾಲೋಚಕಿ, ಇದು ನನ್ನ ಹತ್ರ ಬಂದಿದ್ದ ಒಬ್ಬರ ಕಥೆ. ಮೊದಲೇ ಹೇಳಿಬಿಡ್ತೀನಿ, ಇದನ್ನ ಬರೆಯೋಕೆ ಅವರೇ ಒಪ್ಪಿಗೆ ಕೊಟ್ಟಿದಾರೆ, ಊರು, ಕೆಲಸ, ಗುರುತು ಸಿಗೋ ಅಂಥ ವಿವರ ಎಲ್ಲಾ ಬದಲಾಯಿಸಿದೀನಿ. ಸುಳ್ಳು ಹೆಸರು ಇಡೋಕೆ ಮನಸ್ಸಾಗ್ಲಿಲ್ಲ, ತಮ್ಮ ಅಂತಲೇ ಕರೀತೀನಿ, ಯಾಕಂದ್ರೆ ಬಂದು ಕೂತಿದ್ದು 36 ವರ್ಷದ ಗಂಡಸಾದ್ರೂ ಅವತ್ತು ಅವರು ಆಡಿದ ಮಾತೆಲ್ಲಾ ಒಬ್ಬ ಅಣ್ಣನ ತಮ್ಮನ ಮಾತೇ.

ಕರ್ಕೊಂಡು ಬಂದಿದ್ದು ಹೆಂಡತಿ. "ಮೇಡಂ ಇವರಿಗೆ ಗೇಮ್ ಅಡಿಕ್ಷನ್ ಆಗಿದೆ, ರಾತ್ರಿ ಒಂದು ಗಂಟೆಗೆ ಎದ್ದು ಹೋಗಿ ಹಾಲ್‌ನಲ್ಲಿ ಟಿವಿ ಮ್ಯೂಟ್ ಮಾಡ್ಕೊಂಡು ಆ ಹಳೇ ಕಾಂಟ್ರಾ ಆಡ್ತಾರೆ, ಕೇಳಿದ್ರೆ ಮಾತಾಡಲ್ಲ" ಅಂದ್ರು. ಆ ಹೆಣ್ಣುಮಗಳು ಸುಸ್ತಾಗಿದ್ರು, ಮಗು ಚಿಕ್ಕದು, ಗಂಡ ಇದ್ದೂ ಇಲ್ಲದ ಹಾಗೆ. ಅವರ ದೂರಲ್ಲಿ ತಪ್ಪೇನಿರ್ಲಿಲ್ಲ.

ಅಡಿಕ್ಷನ್ ಅನ್ನೋ ಮಾತು ಬಂದಾಗ ನಾನು ಮೊದಲು ನೋಡೋದು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಏನು ಹೇಳುತ್ತೆ ಅಂತ, 2022ರಿಂದ ಜಾರಿಗೆ ಬಂದ ಆ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಅಂತ ಇದೆ, ಆಟದ ಮೇಲೆ ಹಿಡಿತ ತಪ್ಪಿರಬೇಕು, ಬೇರೆಲ್ಲಾ ಕೆಲಸಕ್ಕಿಂತ ಆಟನೇ ಮುಖ್ಯ ಆಗಿರಬೇಕು, ಹಾನಿ ಆಗ್ತಿದ್ರೂ ಬಿಡೋಕಾಗ್ತಿರಬಾರ್ದು, ಸಾಮಾನ್ಯವಾಗಿ 12 ತಿಂಗಳಾದ್ರೂ ಹೀಗೇ ನಡೆದಿರಬೇಕು. ಇವರು ಆಫೀಸಿಗೆ ಸರಿಯಾಗಿ ಹೋಗ್ತಿದ್ರು. ವಾರದಲ್ಲಿ ಮೂರ್ನಾಲ್ಕು ರಾತ್ರಿ, ಒಂದೊಂದು ಗಂಟೆ, ಅದೂ ಒಂದೇ ಒಂದು ಗೇಮ್. ಬೇರೆ ಯಾವ ಗೇಮೂ ಬೇಡ. ನನಗೆ ಇದು ಸರಿ ಹೊಂದಲಿಲ್ಲ, ಹಾಗಾಗಿ ಎಷ್ಟು ಹೊತ್ತು ಆಡ್ತೀರ ಅಂತ ಕೇಳೋದು ಬಿಟ್ಟು "ಹೇಗೆ ಆಡ್ತೀರ, ನನಗೆ ಗೊತ್ತಿಲ್ಲ, ಹೇಳಿಕೊಡಿ" ಅಂದೆ.

ಆಗ ಹೇಳಿದ್ರು. ಆನ್‌ಲೈನಲ್ಲಿ ಸಿಗೋ, ಟಿವಿಗೆ ಸಿಕ್ಕಿಸೋ ಒಂದು ಸ್ಟಿಕ್ ತರಿಸಿದಾರೆ, ಜೊತೆಗೆ ಎರಡು ಜಾಯ್‌ಸ್ಟಿಕ್ ಬರುತ್ತೆ. ಇವರು ಟೂ ಪ್ಲೇಯರ್ ಹಾಕ್ತಾರೆ. ಒಂದನೇ ಜಾಯ್‌ಸ್ಟಿಕ್ ಪಕ್ಕದಲ್ಲಿ ದಿಂಬಿನ ಮೇಲೆ ಇಟ್ಟು, ಎರಡನೇದು ತಾವು ಹಿಡ್ಕೊಳ್ತಾರೆ. ಆಟ ಶುರುವಾದ್ರೆ ಒಂದನೇ ಜಾಯ್‌ಸ್ಟಿಕ್ಕಿನ ನೀಲಿ ಸೈನಿಕ ನಿಂತಲ್ಲೇ ನಿಂತಿರ್ತಾನೆ, ಅವನು ಹಿಂದೆ ಉಳಿದ್ರೆ ಸ್ಕ್ರೀನ್ ಮುಂದಕ್ಕೆ ಹೋಗಲ್ಲ, ಹಾಗಾಗಿ ಇವರ ಕೆಂಪು ಸೈನಿಕ ಸ್ವಲ್ಪ ಮುಂದೆ ಹೋಗಿ ನಿಂತು ಕಾಯಬೇಕು. "ಅವನ ಮೂರೂ ಲೈಫ್ ಹೋಗೋವರ್ಗೂ ಕಾಯ್ತೀನಿ ಮೇಡಂ, ಆಮೇಲೆ ಆಡಕ್ಕೆ ಮನಸ್ಸು ಬರಲ್ಲ, ಆಫ್ ಮಾಡಿ ಮಲಗ್ತೀನಿ."

ಇಷ್ಟು ವರ್ಷದಲ್ಲಿ ಏನೇನೋ ಕೇಳಿದೀನಿ, ಆದ್ರೆ ಅವತ್ತು ನಾನು ಪೆನ್ ಕೆಳಗಿಟ್ಟೆ.

ಅಣ್ಣ ಐದು ವರ್ಷ ದೊಡ್ಡವರು. 1997ರ ಬೇಸಿಗೆ ರಜೆಯಲ್ಲಿ ಅಪ್ಪ ಒಂದು ಟಿವಿ ವಿಡಿಯೋ ಗೇಮ್ ತಂದಿದ್ರಂತೆ, ಜಪಾನಿನ ಫ್ಯಾಮಿಕಾಮ್ ಸೆಟ್ಟಿನ ನಕಲು ಮಾಲು, ಆ ಕಾಲದಲ್ಲಿ ನಮ್ಮ ಕಡೆ ಎಲ್ಲರ ಮನೆಗೆ ಬರ್ತಿದ್ದಿದ್ದೇ ಅದು. ಕ್ಯಾಸೆಟ್ಟಿಗೆ ಉಫ್ ಅಂತ ಊದಿ ಹಾಕೋದು, ಕರೆಂಟ್ ಹೋದ್ರೆ ಮತ್ತೆ ಮೊದಲಿಂದ. ಕಾಂಟ್ರಾ ಅಂದ್ರೆ ಕೊನಾಮಿ ಕಂಪನಿಯವರು 1988ರಲ್ಲಿ ಆ ಸೆಟ್ಟಿಗೆ ತಂದ ಗೇಮು, ಎಂಟು ಸ್ಟೇಜು, ಇಬ್ಬರು ಒಟ್ಟಿಗೆ ಆಡಬಹುದು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಒತ್ತಿದ್ರೆ 30 ಲೈಫ್ ಸಿಗುತ್ತೆ ಅನ್ನೋದನ್ನ ಅಣ್ಣ ಯಾರ ಹತ್ರನೋ ಕೇಳ್ಕೊಂಡು ಬಂದು ಗಣಿತದ ನೋಟ್‌ಬುಕ್ ಹಿಂದೆ ಬರೆದಿಟ್ಟಿದ್ರು. ಒಂದನೇ ಜಾಯ್‌ಸ್ಟಿಕ್ ಯಾವಾಗ್ಲೂ ಅಣ್ಣಂದು, ಅದರಲ್ಲಿ ಮಾತಿಲ್ಲ. ಮೂರನೇ ಸ್ಟೇಜ್ ಜಲಪಾತ, ಅಲ್ಲಿ ಮೇಲಕ್ಕೆ ಹತ್ತಬೇಕು, ಒಬ್ಬ ಬೇಗ ಹತ್ತಿಬಿಟ್ರೆ ಕೆಳಗಿರೋನು ಸ್ಕ್ರೀನಿಂದ ಆಚೆ ಬಿದ್ದು ಸಾಯ್ತಾನೆ, "ನಿಲ್ಲೋ ಅಣ್ಣಾ ನಿಲ್ಲೋ" ಅಂತ ಇವರು ಕೂಗೋದು, ಅವರು ನಿಲ್ಲೋದು.

ಆ ಗೇಮಲ್ಲಿ ಇನ್ನೊಂದಿದೆ. ಒಬ್ಬನ ಲೈಫ್ ಪೂರ್ತಿ ಮುಗಿದ್ರೆ ಜೊತೆಗಾರನ ಹತ್ರ ಉಳಿದಿರೋದ್ರಲ್ಲಿ ಒಂದು ತಗೊಂಡು ವಾಪಸ್ ಬರಬಹುದು. ಚಿಕ್ಕೋರಾಗಿದ್ದಾಗ ಇವರು ದಿನಾ ಅಣ್ಣನ ಲೈಫ್ ತಗೊಳ್ತಿದ್ರು.

2021ರ ಮೇ ತಿಂಗಳು. ಕೊರೊನಾ ಎರಡನೇ ಅಲೆ. ಹೆಂಡತಿ ಬಾಣಂತನಕ್ಕೆ ತವರಲ್ಲಿ, ಇವರು ಬೆಂಗಳೂರಲ್ಲಿ ಒಬ್ಬರೇ, ಜ್ವರ ಬಂತು. ಲಾಕ್‌ಡೌನ್ ಮಧ್ಯೆ ಹೇಗೋ ಅಣ್ಣ ಊರಿಂದ ಬಂದು ಗಂಜಿ ಮಾಡಿ ಹಾಕಿದ್ರು. ಮೂರನೇ ದಿನ ಅಣ್ಣನಿಗೂ ಜ್ವರ. ಇವರು ಮನೇಲೇ ಚೇತರಿಸಿಕೊಂಡ್ರು, ಅಣ್ಣನ ಆಕ್ಸಿಜನ್ ಇಳೀತಾ ಹೋಯ್ತು, ಬೆಡ್ ಹುಡುಕೋದ್ರಲ್ಲೇ ಒಂದೂವರೆ ದಿನ ಹೋಯ್ತು, ಸಿಕ್ಕಿದ ಮೇಲೆ ಉಳೀಲಿಲ್ಲ. ಮುಖ ನೋಡೋಕೂ ಆಗ್ಲಿಲ್ಲ.

"ಅವನ ಲೈಫ್ ತಗೊಂಡು ನಾನು ಆಡ್ತಾ ಇದೀನಿ ಮೇಡಂ. ಕೊಟ್ಟು ಬಿಡೋಣ ಅಂದ್ರೆ ವಾಪಸ್ ಕೊಡೋಕೆ ಬಟನ್ ಇಲ್ಲ."

ಇಂಥ ಮಾತು ಬಂದಾಗ ಸುತ್ತಿ ಬಳಸಿ ಕೇಳಬಾರದು, ನೇರ ಕೇಳಿದೆ, ಸಾಯಬೇಕು ಅನ್ಸುತ್ತಾ, ಏನಾದ್ರೂ ಯೋಚನೆ ಮಾಡಿದೀರಾ. ಇಲ್ಲ ಅಂದ್ರು, ಆದ್ರೆ ನಾನು ಇರಬಾರ್ದಿತ್ತು ಅಂತ ಎಷ್ಟೋ ಸಲ ಅನ್ಸಿದೆ ಅಂದ್ರು. ನಿದ್ದೆ ಮೂರು ಗಂಟೆ. ಅವತ್ತೇ ಮನೋವೈದ್ಯರಿಗೆ ಪತ್ರ ಬರೆದುಕೊಟ್ಟೆ, ರಾತ್ರಿ ಹೊತ್ತು ತಡೆಯೋಕಾಗ್ದೇ ಇದ್ರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನ ಇಬ್ಬರ ಫೋನಲ್ಲೂ ಸೇವ್ ಮಾಡಿಸಿದೆ. ಐಸಿಡಿ-11 ಪ್ರಕಾರ ಆರು ತಿಂಗಳು ದಾಟಿದ ಮೇಲೂ ದುಃಖ ಬದುಕನ್ನೇ ಹಿಡಿದು ನಿಲ್ಲಿಸಿದ್ರೆ ಅದಕ್ಕೆ ದೀರ್ಘಕಾಲದ ಶೋಕ ಅಂತ ಬೇರೆಯೇ ಹೆಸರಿದೆ, ಇವರದ್ದು ಆಗ್ಲೇ ಎರಡೂವರೆ ವರ್ಷ.

ಹೆಂಡತಿಗೆ ಹೇಳಿದ ಮೊದಲ ಮಾತು, ಆ ಸ್ಟಿಕ್ ಕಿತ್ತು ಬಿಸಾಕಬೇಡಿ. ಅವರಿಬ್ಬರು ಬೆಳೆದ ಮನೆ ಮಾರಾಟ ಆಗಿದೆ, ಆ ಟಿವಿ ಇಲ್ಲ, ಆ ಚಾಪೆ ಇಲ್ಲ, ಆದ್ರೆ ಕಾಂಟ್ರಾದ ಮೊದಲನೇ ಸ್ಟೇಜಿನ ಕಾಡು ಇವತ್ತಿಗೂ ಹಾಗೇ ಇದೆ, ಕಾಲಿಟ್ರೆ ಸಿಡಿಯೋ ಸೇತುವೆ ಅದೇ ಜಾಗದಲ್ಲಿ ಸಿಡಿಯುತ್ತೆ, ಬೆರಳಿಗೆ ಎಲ್ಲಿ ಹಾರಬೇಕು ಅಂತ ಇನ್ನೂ ನೆನಪಿದೆ. ಅಣ್ಣನ ಜೊತೆ ಕೂತಿದ್ದ ಜಾಗ ಅಂತ ಅವರಿಗೆ ಉಳಿದಿರೋದೇ ಅದೊಂದು. ಅದನ್ನೂ ಕಿತ್ಕೊಂಡ್ರೆ ಆ ಮನುಷ್ಯ ಎಲ್ಲಿಗೆ ಹೋಗ್ಬೇಕು? ಗೇಮ್ ಬಿಡಿಸಿ ಅಂತ ಬರೋ ಎಷ್ಟೋ ಮನೆಯವರಿಗೆ ನಾನು ಇದನ್ನೇ ಕೇಳ್ತೀನಿ, ಆ ಗೇಮ್ ಆಡುವಾಗ ಮೊದಲು ಪಕ್ಕದಲ್ಲಿ ಯಾರಿದ್ರು ಅಂತ ಒಂದ್ಸಲ ವಿಚಾರಿಸಿದೀರಾ.

ಬದಲಾಯಿಸಿದ್ದು ಹೊತ್ತನ್ನ ಮಾತ್ರ. ರಾತ್ರಿ ಒಂದಕ್ಕೆ ಬೇಡ, ಸಂಜೆ ಏಳಕ್ಕೆ, ಲೈಟ್ ಹಾಕಿ, ಸೌಂಡ್ ಇಟ್ಟು ಆಡಿ. ಹೆಂಡತಿ ಪಕ್ಕದಲ್ಲಿ ಕೂರಲಿ, ಆಡೋದೇನು ಬೇಡ. ಮೊದಲ ಸಲ ಆ ಮ್ಯೂಸಿಕ್ ಕೇಳಿದ ಕೂಡ್ಲೇ ಇವರು ಅತ್ತುಬಿಟ್ರಂತೆ, ಎರಡೂವರೆ ವರ್ಷದಲ್ಲಿ ಹೆಂಡತಿ ಮುಂದೆ ಅತ್ತಿದ್ದು ಅದೇ ಮೊದಲು.

ಎರಡನೇ ಕೆಲಸ ಕಷ್ಟದ್ದು. ಆ ಮೇ ತಿಂಗಳ ವಾರವನ್ನ ದಿನ ದಿನ ಬರೆಸಿದೆ, ಯಾವತ್ತು ಏನಾಯ್ತು, ಆಗ ನಿಮಗೆ ಏನು ಗೊತ್ತಿತ್ತು, ಏನು ಗೊತ್ತಿರ್ಲಿಲ್ಲ. ನಾನು ನಿಮ್ಮ ತಪ್ಪಲ್ಲ ಅಂತ ಹೇಳ್ಲಿಲ್ಲ, ಆ ಮಾತನ್ನ ಅವರು ನೂರು ಜನರ ಬಾಯಲ್ಲಿ ಕೇಳಿದಾರೆ, ಒಂದ್ಸಲನೂ ಒಳಗೆ ಇಳಿದಿಲ್ಲ. ಬರೀತಾ ಬರೀತಾ ಒಂದು ಖಾಲಿ ಜಾಗ ಕಾಣಿಸ್ತು, ಅಣ್ಣ ಬೆಂಗಳೂರಿಗೆ ಹೊರಡೋ ಹಿಂದಿನ ಎರಡು ದಿನ ಹೇಗಿದ್ರು ಅನ್ನೋದು ಇವರಿಗೆ ಗೊತ್ತೇ ಇರ್ಲಿಲ್ಲ. ಅದು ಗೊತ್ತಿರೋದು ಅತ್ತಿಗೆಗೆ. ಅತ್ತಿಗೆ ಮುಖ ನೋಡೋಕೆ ಧೈರ್ಯ ಇಲ್ದೆ ಇವರು ವರ್ಷದ ತಿಥಿ ಆದ್ಮೇಲೆ ಆ ಕಡೆ ತಲೆ ಹಾಕಿರ್ಲಿಲ್ಲ, ದುಡ್ಡು ಮಾತ್ರ ತಿಂಗಳು ತಿಂಗಳು ಕಳಿಸ್ತಿದ್ರು.

ಹೋಗಿ ಕೇಳಿ ಅಂದೆ. ಆರು ವಾರ ತಳ್ಳಿದ್ರು. ಕೊನೆಗೆ ಹೋದ್ರು, ಸ್ಟಿಕ್ಕನ್ನೂ ಬ್ಯಾಗಲ್ಲಿ ಹಾಕ್ಕೊಂಡು.

ಅತ್ತಿಗೆ ಹೇಳಿದ್ದು, ಅವರು ಹೊರಡೋ ಹಿಂದಿನ ದಿನನೇ ಗಂಟಲು ಕೆರೆತ ಅಂತಿದ್ರು, ಅಂಗಡಿ ಹುಡುಗನಿಗೂ ಜ್ವರ ಇತ್ತು, ಬೇಡ ಅಂದ್ರೂ ಕೇಳ್ಲಿಲ್ಲ. ಹಾಗಂತ ಸೋಂಕು ಎಲ್ಲಿಂದ ಬಂತು ಅಂತ ಯಾರೂ ಹೇಳೋಕಾಗಲ್ಲ, ಲಕ್ಷಣ ಕಾಣೋಕೆ ಎರಡು ದಿನನೂ ಆಗಬಹುದು, 14 ದಿನನೂ ಆಗಬಹುದು, ಇದನ್ನ ನಾನು ತಮ್ಮನಿಗೆ ಬಿಡಿಸಿ ಹೇಳಿದೆ, ಯಾಕಂದ್ರೆ ತಪ್ಪಿನ ಭಾರ ಈಗ ಅಂಗಡಿ ಹುಡುಗನ ತಲೆ ಮೇಲೆ ಹೋಗೋದು ನನಗೆ ಬೇಕಿರ್ಲಿಲ್ಲ. ಅತ್ತಿಗೆ ಇನ್ನೊಂದು ಹೇಳಿದ್ರಂತೆ, "ಆಸ್ತಿ ಕೇಳ್ತೀವಿ ಅಂತ ದೂರ ಆದ್ರಿ ಅಂದ್ಕೊಂಡಿದ್ದೆ ಕಣಪ್ಪ." ಇವರು ನಾಚಿಕೆಯಿಂದ ಹೋಗಿರ್ಲಿಲ್ಲ, ಆ ಕಡೆಯವರು ಹಾಗೆ ತಿಳ್ಕೊಂಡಿದ್ರು.

ಅಣ್ಣನ ಮಗನಿಗೆ 13 ವರ್ಷ, ಒಂದನೇ ಜಾಯ್‌ಸ್ಟಿಕ್ ಹಿಡಿದು ಐದು ನಿಮಿಷ ಆಡಿ ಬೋರಾಗಿ ಮೊಬೈಲ್ ಹಿಡ್ಕೊಂಡ. ಅವನು ಆಡೇ ಆಡ್ತಾನೆ ಅಂತ ನಾನು ಮನಸ್ಸಲ್ಲೇ ಆಸೆ ಇಟ್ಕೊಂಡಿದ್ದೆ, ಹಾಗೆ ಆಗ್ಲಿಲ್ಲ. ಆದ್ರೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಿದ್ದ ಅತ್ತಿಗೆ "ಇದ್ರಲ್ಲಿ ಅವರು ಯಾರು?" ಅಂತ ಕೇಳಿದ್ರಂತೆ. "ನೀಲಿ" ಅಂದ್ರು ಇವರು. ಅತ್ತಿಗೆ ಬಂದು ಕೂತ್ಕೊಂಡ್ರು.

ಆಮೇಲೆ ಮಹಾಲಯ ಅಮಾವಾಸ್ಯೆ ಬಂತು. ಅವರ ಕಡೆ ಹೋದವರಿಗೆ ಇಷ್ಟ ಇದ್ದಿದ್ದನ್ನೆಲ್ಲಾ ಎಡೆ ಇಡ್ತಾರೆ, ಕಜ್ಜಾಯ, ನಾಟಿಕೋಳಿ ಸಾರು, ಬೀಡಿ ಸೇದೋರಿಗೆ ಬೀಡಿ, ಹೊಸ ಬಟ್ಟೆ. ಜಾಯ್‌ಸ್ಟಿಕ್ ಇಡಬಹುದಾ ಮೇಡಂ ಅಂತ ನನ್ನ ಕೇಳಿದ್ರು. ಅದನ್ನ ನಾನು ಹೇಳೋದಲ್ಲ, ಅತ್ತಿಗೆನ ಕೇಳಿ ಅಂದೆ. ಅತ್ತಿಗೆ ತಗೊಂಡ್ ಬಾ ಅಂದ್ರಂತೆ. ಒಂದನೇದು ಇಟ್ರು.

ಈಗ ನಿದ್ದೆ ಐದೂವರೆ ಗಂಟೆಗೆ ಬಂದಿದೆ, ವೈದ್ಯರು ಮಾತ್ರೆ ಕಮ್ಮಿ ಮಾಡ್ತಾ ಇದಾರೆ. ಕಾಂಟ್ರಾ ವಾರಕ್ಕೊಂದ್ಸಲ ಆಡ್ತಾರೆ, ಈಗಲೂ ಟೂ ಪ್ಲೇಯರ್ರೇ, ಆದ್ರೆ ನೀಲಿ ಲೈಫ್ ಮುಗಿದ ಮೇಲೆ ಆಫ್ ಮಾಡಲ್ಲ, ಮುಂದಕ್ಕೆ ಹೋಗ್ತಾರೆ, ಜಲಪಾತದ ತನಕ ಹೋಗಿದೀನಿ ಅಂತ ಹೋದ ಸಲ ಹೇಳಿದ್ರು. ಮೇ ತಿಂಗಳು ಬಂತು ಅಂದ್ರೆ ಈಗಲೂ ಮೈ ಭಾರ ಆಗುತ್ತೆ ಅಂತಾರೆ, ಅದಕ್ಕೇ ಏಪ್ರಿಲ್ ಕೊನೇ ವಾರದಲ್ಲಿ ಅವರಿಗೆ, ಅತ್ತಿಗೆಗೆ ಇಬ್ಬರಿಗೂ ಸೇರಿಸಿ ಒಂದು ಅಪಾಯಿಂಟ್‌ಮೆಂಟ್ ಈಗ್ಲೇ ಬರೆದಿಟ್ಟಿದೀನಿ.