ಬೆಳಗ್ಗೆ ಉರಿದು ತಾನಾಗಿ ಆರುವ ಟಯರ್ ದೀಪ

ಪ್ರಶ್ನೆ: ಡಿಸೆಂಬರ್ ತಿಂಗಳಿನಿಂದೀಚೆಗೆ ಬೆಳಗ್ಗೆ ಕಾರು ಹೊರಡಿಸುವಾಗ ಟಯರಿನಲ್ಲಿ ಗಾಳಿ ಕಡಿಮೆಯಿದೆಯೆಂದು ಸೂಚಿಸುವ ಹಳದಿ ದೀಪ ಉರಿಯುತ್ತದೆ, ಚೆರ್ಕಳ ತಲುಪುವಷ್ಟರಲ್ಲಿ ತಾನಾಗಿ ಆರುತ್ತದೆ. 40 ಪಿಎಸ್‌ಐ ತುಂಬಿಸಿಬಿಟ್ಟರೆ ಈ ತೊಂದರೆ ಇರದು ಎಂದು ಪಂಕ್ಚರ್ ಅಂಗಡಿಯವರು ಹೇಳುತ್ತಾರೆ. ಹಾಗೆ ಮಾಡಬಹುದೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ದೀಪ ಆರಿತೆಂದರೆ ಗಾಳಿ ಸರಿಯಾಯಿತು ಎಂದು ಅರ್ಥವಲ್ಲ. ಚಳಿಗಾಲದಲ್ಲಿ ನಮ್ಮ ಕಡೆ ಮಧ್ಯಾಹ್ನಕ್ಕೂ ಮುಂಜಾನೆಗೂ ಉಷ್ಣತೆಯಲ್ಲಿ ಸುಮಾರು 10 ಡಿಗ್ರಿಯಷ್ಟು ಅಂತರವಿರುತ್ತದೆ. ಅಷ್ಟರಿಂದಲೇ ಟಯರಿನ ಒತ್ತಡ ಒಂದೂವರೆಯಿಂದ ಎರಡು ಪಿಎಸ್‌ಐ ಇಳಿಯುತ್ತದೆ. ಕಾರು ಓಡಿ ಟಯರ್ ಬಿಸಿಯಾದಾಗ ಒತ್ತಡ ಏರಿ ದೀಪ ಆರುತ್ತದೆಯೇ ಹೊರತು, ಟಯರಿನಲ್ಲಿರುವ ಗಾಳಿ ಮೊದಲಿನಷ್ಟೇ ಇರುತ್ತದೆ. ಮುಂಜಾನೆಯ ದೀಪವನ್ನೇ ನಂಬಿ.

ತುಂಬಿಸಬೇಕಾದ ಪ್ರಮಾಣವು ಚಾಲಕನ ಬಾಗಿಲು ತೆರೆದಾಗ ಕಂಬದ ಮೇಲೆ ಕಾಣುವ ಸ್ಟಿಕ್ಕರಿನಲ್ಲಿದೆ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವುದು ಅದು ತಡೆಯಬಲ್ಲ ಗರಿಷ್ಠ ಒತ್ತಡ. ನಿಮ್ಮ ಕಾರಿಗೆ ಬೇಕಾದ ಲೆಕ್ಕವಲ್ಲ. ಸ್ಟಿಕ್ಕರಿಗಿಂತ ಬಹಳ ಹೆಚ್ಚು ತುಂಬಿಸಿದರೆ ಟಯರಿನ ನಡುಭಾಗ ಬೇಗ ಸವೆಯುತ್ತದೆ, ಮಳೆಗಾಲದ ಒದ್ದೆ ರಸ್ತೆಯಲ್ಲಿ ಹಿಡಿತವೂ ತಗ್ಗುತ್ತದೆ.

ಸ್ಟಿಕ್ಕರಿನ ಲೆಕ್ಕ ತಣ್ಣಗಿರುವ ಟಯರಿನದು, ಪಂಪಾದರೋ ಕೆಲವು ಕಿಲೋಮೀಟರ್ ದೂರದಲ್ಲಿರುತ್ತದೆ. ಆದ್ದರಿಂದ ಒಂದು ಸಣ್ಣ ಗೇಜ್ ಕೊಂಡು, ಹೊರಡುವ ಮೊದಲು ಅಂಗಳದಲ್ಲೇ ನಾಲ್ಕೂ ಚಕ್ರಗಳನ್ನು ಅಳೆದು ಬರೆದಿಟ್ಟುಕೊಳ್ಳಿ. ಸ್ಟಿಕ್ಕರಿನಲ್ಲಿ 33 ಇದ್ದು ಮನೆಯಲ್ಲಿ 29 ತೋರಿಸಿದರೆ ಕೊರತೆ 4. ಪಂಪಿನಲ್ಲಿ ಅದೇ ಟಯರ್ ಬಿಸಿಯಾಗಿ 32 ತೋರಿಸಿದರೂ ಆ 4 ಸೇರಿಸಿ 36ಕ್ಕೆ ತುಂಬಿಸಬೇಕು. 36 ಹೆಚ್ಚಾಯಿತೆಂದು ಯಾರಾದರೂ ಗಾಳಿ ಬಿಡಲು ಹೊರಟರೆ ಬೇಡವೆನ್ನಿ. ಮರುದಿನ ಬೆಳಗ್ಗೆ ಅಳೆದಾಗ ಹೆಚ್ಚುಕಡಿಮೆ 33 ಸಿಗುತ್ತದೆ.

ನಾಲ್ಕೂ ಟಯರುಗಳು ಸಮನಾಗಿ ಇಳಿದಿದ್ದರೆ ಗಾಬರಿ ಬೇಡ; ಸುಸ್ಥಿತಿಯ ಟಯರಿನಿಂದಲೂ ತಿಂಗಳಿಗೆ ಒಂದೆರಡು ಪಿಎಸ್‌ಐ ಸೋರುವುದು ಸಹಜ. ಒಂದೇ ಟಯರ್ ವಾರದೊಳಗೆ ಮತ್ತೆ ಇಳಿದರೆ ಮಾತ್ರ ಪಂಕ್ಚರ್ ಎಂದೇ ತಿಳಿಯಿರಿ. ಟ್ಯೂಬ್‌ಲೆಸ್ ಟಯರಿಗೆ ಹೊಕ್ಕ ಮೊಳೆ ತಾನೇ ಬಿರಡೆಯಂತೆ ನಿಂತು ಗಾಳಿಯನ್ನು ಬಹಳ ನಿಧಾನವಾಗಿ ಬಿಡುತ್ತದೆ. ಅದನ್ನು ದಾರಿಯಲ್ಲಿ ಕೀಳದೆ ಅಂಗಡಿಯವರೆಗೆ ಹಾಗೆಯೇ ಒಯ್ಯಬೇಕು. ಮೊಳೆ ಕಾಣದಿದ್ದರೆ ವಾಲ್ವಿನ ಬುಡಕ್ಕೂ ರಿಮ್ಮಿನ ಅಂಚಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ವೇಗವಾಗಿ ಹೋಗುವವರು ಇದನ್ನು ಮುಂದೂಡಲೇಬಾರದು, ಏಕೆಂದರೆ ಗಾಳಿ ಕಡಿಮೆಯಿರುವ ಟಯರಿನ ಪಕ್ಕಗಳು ಸತತವಾಗಿ ಮಡಚಿಕೊಳ್ಳುತ್ತ ಒಳಗಿಂದೊಳಗೆ ಕಾದು ಕೊನೆಗೆ ಒಡೆಯಬಹುದು.

ದೀಪವು ಒಂದು ನಿಮಿಷದಷ್ಟು ಮಿನುಗಿ ಆಮೇಲೆ ಉರಿಯುತ್ತಲೇ ಉಳಿದರೆ ದೋಷವಿರುವುದು ಸಾಮಾನ್ಯವಾಗಿ ಗಾಳಿ ಅಳೆಯುವ ವ್ಯವಸ್ಥೆಯಲ್ಲಿ. ಆಗ ಕಾರನ್ನು ಸರ್ವಿಸ್ ಕೇಂದ್ರಕ್ಕೆ ತೋರಿಸಿ, ಅಲ್ಲಿಯವರೆಗೆ ಗೇಜಿನಲ್ಲೇ ಅಳೆಯುತ್ತಿರಿ.